ಒಂದೇ ಮನೆ ಮುಂದಿಟ್ಟ ಕಾಲಾಳು

ಇಂಗ್ಲೆಂಡಿನ ದಕ್ಷಿಣ ಕಡಲತೀರದಲ್ಲಿ ಹೇಸ್ಟಿಂಗ್ಸ್ ಎಂಬ ಊರಿದೆ. ಕ್ರಿಸ್ಮಸ್ ಮುಗಿದು ಹೊಸ ವರ್ಷ ಹುಟ್ಟುವ ಚಳಿಯ ದಿನಗಳಲ್ಲಿ ಅಲ್ಲಿ ಚದುರಂಗದ ದೊಡ್ಡ ಪಂದ್ಯಾವಳಿ ನಡೆಯುವುದು ಹಳೆಯ ವಾಡಿಕೆ. 1930-31ರ ಪಂದ್ಯಾವಳಿಗೆ ಹತ್ತು ಮಂದಿ ಆಟಗಾರರು ಸೇರಿದ್ದರು. ಅವರ ನಡುವೆ ಎಲ್ಲರ ಕಣ್ಣು ಒಬ್ಬರ ಮೇಲಿತ್ತು. ಕ್ಯೂಬಾ ದೇಶದ ಹೊಸೆ ರೌಲ್ ಕಪಾಬ್ಲಾಂಕಾ. 1921ರಿಂದ 1927ರವರೆಗೆ ವಿಶ್ವ ಚಾಂಪಿಯನ್ ಆಗಿದ್ದವರು. 1916ರಿಂದ 1924ರವರೆಗೆ ಎಂಟು ವರ್ಷ ಒಂದೇ ಒಂದು ಗಂಭೀರ ಪಂದ್ಯವನ್ನೂ ಸೋಲದವರು. ಜನ ಅವರನ್ನು ಚದುರಂಗದ ಯಂತ್ರ ಎಂದೇ ಕರೆಯುತ್ತಿದ್ದರು.

ಅವರೆದುರು ಒಂದು ದಿನ ಬಿಳಿ ಕಾಯಿಗಳನ್ನು ಹಿಡಿದು ಕುಳಿತವರು ಪಂಜಾಬಿನ ಹಳ್ಳಿಯೊಂದರಿಂದ ಬಂದ, ತಲೆಗೆ ರುಮಾಲು ಸುತ್ತಿದ, ಮಾತು ಕಡಿಮೆಯ ಯುವಕ. ಹೆಸರು ಮೀರ್ ಸುಲ್ತಾನ್ ಖಾನ್. ಯೂರೋಪಿನ ನಿಯಮಗಳ ಚದುರಂಗವನ್ನು ಕಲಿತು ಅವರಿಗೆ ಇನ್ನೂ ಹೆಚ್ಚು ವರ್ಷಗಳಾಗಿರಲಿಲ್ಲ. ಪಂದ್ಯ ಅರವತ್ತೈದು ನಡೆಗಳವರೆಗೆ ಎಳೆಯಿತು. ಕೊನೆಗೆ ಸೋಲೊಪ್ಪಿಕೊಂಡವರು ಕಪಾಬ್ಲಾಂಕಾ. ಆ ಪಂದ್ಯಾವಳಿಯಲ್ಲಿ ಅವರು ಸೋತದ್ದು ಇದೊಂದೇ ಪಂದ್ಯ.

ಈ ಗೆಲುವಿನ ಬಗ್ಗೆ ಚದುರಂಗ ಲೋಕದಲ್ಲಿ ಎಷ್ಟೋ ವರ್ಷಗಳಿಂದ ಒಂದು ಕಥೆ ಚಲಾವಣೆಯಲ್ಲಿದೆ. ಓದುಬರಹ ಬಾರದ, ಪುಸ್ತಕ ಮುಟ್ಟದ, ಆರಂಭದ ನಡೆಗಳ ಗಂಧಗಾಳಿಯಿಲ್ಲದ ಸೇವಕನೊಬ್ಬ ಕೇವಲ ಹುಟ್ಟುಗುಣದಿಂದ ಜಗತ್ತನ್ನು ಸೋಲಿಸಿದ ಎಂಬ ಕಥೆ. ಕೇಳಲು ಇಂಪಾಗಿದೆ. ನಾವೂ ಅದನ್ನು ಹೆಮ್ಮೆಯಿಂದ ಹೇಳಿಕೊಂಡಿದ್ದೇವೆ. ಆದರೆ ಆ ಪಂದ್ಯದ ಅಷ್ಟೂ ನಡೆಗಳು ಇಂದಿಗೂ ಲಿಖಿತವಾಗಿ ಉಳಿದಿವೆ. ಕಥೆಯನ್ನು ಬದಿಗಿಟ್ಟು ಆ ನಡೆಗಳನ್ನೇ, ಅದರಲ್ಲೂ ಮೊದಲ ಐದು ನಡೆಗಳನ್ನು, ನೋಡಿದರೆ ಬೇರೆಯೇ ಒಬ್ಬ ಮನುಷ್ಯ ನಮಗೆ ಕಾಣಿಸುತ್ತಾನೆ. ಆ ಮನುಷ್ಯನನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ.

ಮಿಠಾ ಟಿವಾಣಾದಿಂದ ಲಂಡನ್ನಿಗೆ

ಸುಲ್ತಾನ್ ಖಾನ್ ಹುಟ್ಟಿದ್ದು ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ, ಇಂದು ಪಾಕಿಸ್ತಾನದ ಖುಶಾಬ್ ಜಿಲ್ಲೆಗೆ ಸೇರಿದ ಮಿಠಾ ಟಿವಾಣಾ ಪ್ರದೇಶದಲ್ಲಿ. ಚದುರಂಗವನ್ನು ಅವರಿಗೆ ಕಲಿಸಿದವರು ತಂದೆ. ಆಗ ಹುಡುಗನಿಗೆ ಒಂಬತ್ತು ವರ್ಷ. ಇಪ್ಪತ್ತೊಂದು ತುಂಬುವ ಹೊತ್ತಿಗೆ ಪಂಜಾಬಿನಲ್ಲಿ ಅವರನ್ನು ಸೋಲಿಸುವವರಿಲ್ಲ ಎಂಬ ಮಾತಿತ್ತು.

ಆ ಸೀಮೆಯ ದೊಡ್ಡ ಜಮೀನ್ದಾರರು ಸರ್ ಉಮರ್ ಹಯಾತ್ ಖಾನ್ ಟಿವಾಣಾ. ಬ್ರಿಟಿಷ್ ಸೇನೆಯಲ್ಲಿ ದುಡಿದವರು, ಸರಕಾರಕ್ಕೆ ಬೇಕಾದವರು. ಚದುರಂಗದ ಮೇಲೆ ಅವರಿಗೆ ಪ್ರೀತಿಯಿತ್ತು. ಸುಲ್ತಾನ್ ಖಾನ್‌ರನ್ನು ತಮ್ಮ ಬಳಗಕ್ಕೆ ಸೇರಿಸಿಕೊಂಡು, ಯೂರೋಪಿನ ನಿಯಮಗಳನ್ನು ಕಲಿಸುವ ಏರ್ಪಾಡು ಮಾಡಿದರು. 1928ರ ಅಖಿಲ ಭಾರತ ಪಂದ್ಯಾವಳಿಯಲ್ಲಿ ಸುಲ್ತಾನ್ ಖಾನ್ ಎಂಟು ಪಂದ್ಯ ಗೆದ್ದು, ಒಂದನ್ನು ಡ್ರಾ ಮಾಡಿ, ಒಂದನ್ನೂ ಸೋಲದೆ ಮೊದಲಿಗರಾದರು. ಮರುವರ್ಷ ಸರ್ ಉಮರ್ ಹಯಾತ್ ಲಂಡನ್ನಿಗೆ ಹೊರಟಾಗ ಸುಲ್ತಾನ್ ಖಾನ್ ಕೂಡ ಜೊತೆಗೆ ಹೋದರು.

ಇಲ್ಲಿ ಎರಡು ಬಗೆಯ ಆಟಗಳ ವ್ಯತ್ಯಾಸ ತಿಳಿಯಬೇಕು. ನಮ್ಮಲ್ಲಿ ಅಜ್ಜಂದಿರು ಜಗಲಿಯ ಮೇಲೆ ಆಡುತ್ತಿದ್ದ ಚದುರಂಗಕ್ಕೂ ಇಂದು ಶಾಲೆಗಳಲ್ಲಿ ಕಲಿಸುವ ಚೆಸ್ಸಿಗೂ ಕೆಲವು ಮುಖ್ಯ ಭೇದಗಳಿವೆ. ಹಳೆಯ ಭಾರತೀಯ ಆಟದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗಬೇಕು. ಯೂರೋಪಿನ ಆಟದಲ್ಲಿ ಅದು ಬೇಕಿದ್ದರೆ ಎರಡು ಮನೆ ಹಾರಬಹುದು. ಭಾರತೀಯ ಆಟದಲ್ಲಿ ರಾಜನನ್ನು ಆನೆಯ ಆಸರೆಗೆ ಸೇರಿಸುವ ಕ್ಯಾಸಲಿಂಗ್ ಇಲ್ಲ. ಅದರ ಬದಲು ರಾಜ ಒಮ್ಮೆ ಮಾತ್ರ ಕುದುರೆಯಂತೆ ನೆಗೆಯಬಹುದು. ಕಾಲಾಳು ಕೊನೆಯ ಸಾಲು ಮುಟ್ಟಿದಾಗ ಆ ಮನೆಯಲ್ಲಿ ಮೊದಲಿಗೆ ಯಾವ ಕಾಯಿ ಇತ್ತೋ ಆ ಕಾಯಿಯೇ ಆಗಬೇಕು, ಬೇಕೆಂದ ಕಾಯಿ ಆಗುವಂತಿಲ್ಲ. ಪ್ರಾಂತದಿಂದ ಪ್ರಾಂತಕ್ಕೆ ಸಣ್ಣಪುಟ್ಟ ನಿಯಮಗಳು ಬೇರೆಯಾಗುತ್ತಿದ್ದರೂ ಆಟದ ಗುಣ ಒಂದೇ. ಅದು ನಿಧಾನದ ಆಟ. ಎರಡೂ ಸೈನ್ಯಗಳು ಮುಖಾಮುಖಿಯಾಗುವ ಮೊದಲು ಇಬ್ಬರೂ ತಮ್ಮ ತಮ್ಮ ವ್ಯೂಹವನ್ನು ಸಮಾಧಾನವಾಗಿ ಕಟ್ಟಿಕೊಳ್ಳುತ್ತಾರೆ.

ಯೂರೋಪಿನ ಆಟದಲ್ಲಿ ಆ ಪುರುಸೊತ್ತು ಇಲ್ಲ. ಕಾಲಾಳುಗಳು ಎರಡೆರಡು ಮನೆ ಹಾರಿ ಮೂರನೆಯ ನಡೆಗೇ ಎದುರುಬದುರಾಗುತ್ತವೆ. ಆದ್ದರಿಂದ ಅಲ್ಲಿ ಆರಂಭದ ನಡೆಗಳನ್ನು ಅಭ್ಯಾಸ ಮಾಡದವನು ಹತ್ತನೆಯ ನಡೆಯ ಹೊತ್ತಿಗೇ ಸಂಕಟಕ್ಕೆ ಸಿಲುಕುತ್ತಾನೆ. 1929ರ ವಸಂತದಲ್ಲಿ ಸುಲ್ತಾನ್ ಖಾನ್‌ರಿಗೆ ಆದದ್ದು ಇದೇ. ಅವರ ಅಭ್ಯಾಸಕ್ಕೆಂದು ಲಂಡನ್ನಿನಲ್ಲಿ ಏರ್ಪಡಿಸಿದ್ದ ಸಣ್ಣ ಪಂದ್ಯಾವಳಿಯಲ್ಲಿ ಅವರು ಕೊನೆಯ ಸ್ಥಾನವನ್ನು ಇನ್ನೊಬ್ಬರೊಂದಿಗೆ ಹಂಚಿಕೊಂಡರು. ಅದರಲ್ಲಿ ಅವರಿಗಿಂತ ಮುಂದಿದ್ದ ವಿಲಿಯಂ ವಿಂಟರ್ ಮತ್ತು ಫ್ರೆಡರಿಕ್ ಯೇಟ್ಸ್ ಎಂಬ ಇಬ್ಬರು ಇಂಗ್ಲಿಷ್ ಆಟಗಾರರು ಮುಂದೆ ಅವರನ್ನು ಕೂರಿಸಿಕೊಂಡು ಅಭ್ಯಾಸ ಮಾಡಿಸಿದರು. ಅದೇ ಬೇಸಿಗೆಯಲ್ಲಿ ರಾಮ್ಸ್‌ಗೇಟ್ ಎಂಬಲ್ಲಿ ಬ್ರಿಟಿಷ್ ಚಾಂಪಿಯನ್‌ಶಿಪ್ ನಡೆಯಿತು. ಗೆದ್ದವರು ಸುಲ್ತಾನ್ ಖಾನ್!

ಕೆಲವೇ ತಿಂಗಳಲ್ಲಿ ಕೊನೆಯ ಸ್ಥಾನದಿಂದ ಮೊದಲ ಸ್ಥಾನ. ಇದನ್ನು ಹುಟ್ಟುಗುಣ ಎಂದು ಕರೆಯುವುದು ಸುಲಭ. ಆದರೆ ಹುಟ್ಟುಗುಣ ವಸಂತದಲ್ಲೂ ಇತ್ತಲ್ಲ? ಬೇಸಿಗೆಗೆ ಹೊಸದಾಗಿ ಸೇರಿದ್ದು ಕಲಿಕೆ.

ಆರಂಭ ಎಂಬ ವಿದ್ಯೆ

ಚದುರಂಗದ ಆರಂಭದ ನಡೆಗಳನ್ನು ಒಂದು ಶಾಸ್ತ್ರವಾಗಿ ಬೆಳೆಸಿದವರು ಯೂರೋಪಿಯನ್ನರು ಎಂಬ ನಂಬಿಕೆ ಸಾಮಾನ್ಯ. ಅದರ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಭಾರತದ ಚತುರಂಗ ಪರ್ಶಿಯಾಕ್ಕೆ ಹೋಗಿ, ಅಲ್ಲಿಂದ ಅರಬರ ಕೈಗೆ ಬಂದು ಶತರಂಜ್ ಆಯಿತು. ಒಂಬತ್ತು ಮತ್ತು ಹತ್ತನೆಯ ಶತಮಾನಗಳಲ್ಲಿ ಅಬ್ಬಾಸಿ ಖಲೀಫರ ಬಗ್ದಾದಿನಲ್ಲಿ ಅಲ್-ಅದ್ಲಿ, ಅಸ್-ಸೂಲಿ ಮೊದಲಾದ ಉಸ್ತಾದರು ಈ ಆಟದ ಮೇಲೆ ಗ್ರಂಥಗಳನ್ನೇ ಬರೆದರು. ಅವರ ಕಾಲದ ಆಟವೂ ನಿಧಾನದ್ದೇ, ಕಾಲಾಳು ಒಂದೇ ಮನೆ ನಡೆಯುತ್ತಿತ್ತು. ಆಟದ ಮೊದಲ ಹಂತದಲ್ಲಿ ಕಾಯಿಗಳನ್ನು ಯಾವ ಕ್ರಮದಲ್ಲಿ ನಿಲ್ಲಿಸಬೇಕು ಎಂಬ ವ್ಯೂಹಗಳಿಗೆ ಅವರು ತಅಬಿಯಾ ಎಂದು ಹೆಸರಿಟ್ಟರು. ಯುದ್ಧಕ್ಕೆ ಸೈನ್ಯವನ್ನು ಅಣಿಗೊಳಿಸುವುದು ಎಂಬುದು ಆ ಪದದ ಅರ್ಥ. ಒಂದೊಂದು ತಅಬಿಯಾಕ್ಕೂ ಒಂದೊಂದು ಹೆಸರು, ಒಂದೊಂದರ ಗುಣದೋಷಗಳ ಚರ್ಚೆ. ಇಂದಿಗೂ ಚೆಸ್ ಪಂಡಿತರು ಆರಂಭದ ಪ್ರಸಿದ್ಧ ನಿಲುವುಗಳನ್ನು ತಬಿಯಾ ಎಂದೇ ಕರೆಯುತ್ತಾರೆ.

ಪದಗಳ ಈ ಪ್ರಯಾಣ ಸ್ವಾರಸ್ಯಕರವಾದುದು. ನಮ್ಮ ಕಡೆಯ ಆಟದಲ್ಲಿ ಮೂಲೆಯ ಕಾಯಿ ಆನೆ, ಓರೆಯಾಗಿ ನಡೆಯುವುದು ಒಂಟೆ. ಅರಬರಲ್ಲಿ ಮೂಲೆಯದು ರುಖ್, ಓರೆಯದು ಅಲ್-ಫೀಲ್, ಅಂದರೆ ಆನೆ. ಕಪಾಬ್ಲಾಂಕಾರ ತಾಯ್ನುಡಿ ಸ್ಪ್ಯಾನಿಷ್. ಆ ಭಾಷೆಯಲ್ಲಿ ಒಂಟೆಯ ಕಾಯಿಗೆ ಇಂದಿಗೂ ಅಲ್ಫಿಲ್ ಎಂದೇ ಹೆಸರು. ಸ್ಪೇನಿನ ಮುಸ್ಲಿಮರು ಬಿಟ್ಟುಹೋದ ಪದ ಅಟ್ಲಾಂಟಿಕ್ ದಾಟಿ ಕ್ಯೂಬಾ ಸೇರಿತ್ತು. ಹೇಸ್ಟಿಂಗ್ಸಿನ ಆ ಮೇಜಿನ ಎರಡೂ ಬದಿಯಲ್ಲಿ ಕುಳಿತಿದ್ದವರು, ತಮಗೆ ತಿಳಿದಿತ್ತೋ ಇಲ್ಲವೋ, ಒಂದೇ ಪರಂಪರೆಯ ಎರಡು ಕವಲುಗಳಿಂದ ಬಂದವರಾಗಿದ್ದರು.

ಚದುರಂಗ ಆಡುವುದು ಸರಿಯೇ ಎಂಬ ಜಿಜ್ಞಾಸೆ ಮುಸ್ಲಿಮ್ ಸಮಾಜದಲ್ಲಿ ಆಗಲೂ ಇತ್ತು, ಈಗಲೂ ಇದೆ. ವಿದ್ವಾಂಸರಲ್ಲಿ ಹಲವರು ಅದನ್ನು ಒಪ್ಪಲಿಲ್ಲ. ಜೂಜು ಸೇರದಿದ್ದರೆ, ನಮಾಝಿನ ಹೊತ್ತು ತಪ್ಪದಿದ್ದರೆ ಅದು ನಿಷಿದ್ಧವಲ್ಲ ಎಂಬ ನಿಲುವು ಶಾಫಿಈ ವಿದ್ವಾಂಸರಲ್ಲಿ ಕಾಣುತ್ತದೆ. ಈ ಚರ್ಚೆಯ ನಡುವೆಯೇ ಆಟ ದರ್ಬಾರುಗಳಲ್ಲೂ ಖಾನ್ಕಾಹ್‌ಗಳ ನೆರೆಹೊರೆಯಲ್ಲೂ ಹಳ್ಳಿಯ ಕಟ್ಟೆಗಳಲ್ಲೂ ಬದುಕಿ ಬಂತು. ಭಾರತದಲ್ಲಿ ಅದಕ್ಕೆ ಮತದ ಗಡಿಯಿರಲಿಲ್ಲ. ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹತ್ತೊಂಬತ್ತನೆಯ ಶತಮಾನದಲ್ಲಿ ಕುದುರೆಯನ್ನು ಮಣೆಯ ಎಲ್ಲ ಮನೆಗಳಲ್ಲೂ ಒಮ್ಮೊಮ್ಮೆ ನಡೆಸುವ ಬಂಧಗಳನ್ನು ರಚಿಸಿ ಹೆಸರಾದರು. ಅದೇ ಶತಮಾನದ ನಡುವಿನಲ್ಲಿ, ಕಲ್ಕತ್ತೆಯಲ್ಲಿ, ನಮ್ಮ ಕಥೆಗೆ ನೇರವಾಗಿ ಸಂಬಂಧಿಸಿದ ಇನ್ನೊಬ್ಬ ಭಾರತೀಯ ಕಾಣಿಸಿಕೊಂಡರು.

'ಇಂಡಿಯನ್' ಎಂಬ ಹೆಸರು

ಅವರು ಮಹೇಶಚಂದ್ರ ಬ್ಯಾನರ್ಜಿ. ಕಲ್ಕತ್ತೆಯಲ್ಲಿ ವಕೀಲಿ ಮಾಡುತ್ತಿದ್ದ ಜಾನ್ ಕೊಕ್ರೇನ್ ಎಂಬ ಸ್ಕಾಟ್ಲೆಂಡಿನ ಪ್ರಬಲ ಆಟಗಾರನೊಂದಿಗೆ ಬ್ಯಾನರ್ಜಿ ನೂರಾರು ಪಂದ್ಯಗಳನ್ನಾಡಿದರು. ಯೂರೋಪಿನ ಆಟಗಾರರು ಮೊದಲ ನಡೆಗೇ ಕಾಲಾಳನ್ನು ನಡುಮಣೆಗೆ ನುಗ್ಗಿಸುತ್ತಿದ್ದ ಕಾಲವದು. ಬ್ಯಾನರ್ಜಿ ಹಾಗೆ ಮಾಡಲಿಲ್ಲ. ಭಾರತೀಯ ಆಟದ ರೂಢಿಯಂತೆ ಕಾಲಾಳನ್ನು ಒಂದೇ ಮನೆ ಸರಿಸಿ, ಅದರ ಹಿಂದೆ ಒಂಟೆಯನ್ನು ಅಡಗಿಸಿಟ್ಟು, ದೂರದಿಂದಲೇ ನಡುಮಣೆಯ ಮೇಲೆ ಕಣ್ಣಿಡುತ್ತಿದ್ದರು. ಎದುರಾಳಿ ನಡುಮಣೆಯನ್ನು ತುಂಬಿಸಿಕೊಳ್ಳಲಿ, ಆಮೇಲೆ ಅದನ್ನು ಬದಿಯಿಂದ ಒಡೆಯೋಣ ಎಂಬುದು ಅದರ ಹಿಂದಿನ ವಿಚಾರ. ಯೂರೋಪಿಗೆ ಆಗ ಅದು ವಿಚಿತ್ರವಾಗಿ ಕಂಡಿತು. ಎಪ್ಪತ್ತು ವರ್ಷಗಳ ಬಳಿಕ, ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, ಅಲ್ಲಿನ ಹೊಸ ತಲೆಮಾರಿನ ಆಟಗಾರರು ಅದೇ ವಿಚಾರವನ್ನು ಆಧುನಿಕ ಕ್ರಾಂತಿ ಎಂದು ಕೊಂಡಾಡಿದರು. ಆ ಬಗೆಯ ಆರಂಭಗಳಿಗೆ 'ಇಂಡಿಯನ್' ಎಂಬ ಹೆಸರು 1920ರ ದಶಕದಲ್ಲಿ ವ್ಯಾಪಕವಾಗಿ ರೂಢಿಗೆ ಬಂತು. ಆ ಹೆಸರನ್ನು ಪ್ರಚುರಗೊಳಿಸಿದವರಲ್ಲಿ ಸಾವಿಯೆಲ್ಲಿ ತಾರ್ತಾಕೋವರ್ ಪ್ರಮುಖರು. ಕಿಂಗ್ಸ್ ಇಂಡಿಯನ್, ಕ್ವೀನ್ಸ್ ಇಂಡಿಯನ್, ನಿಮ್ಜೋ ಇಂಡಿಯನ್ ಎಂದು ಇಂದಿನ ಮಕ್ಕಳು ಕಲಿಯುವ ಆರಂಭಗಳ ಹೆಸರಿನಲ್ಲಿ ಕಲ್ಕತ್ತೆಯ ಆ ಬ್ಯಾನರ್ಜಿಯ ನೆನಪು ಅಡಗಿದೆ. ಆದರೆ ಹೆಸರಿನಲ್ಲಿ ಉಳಿದದ್ದು ದೇಶ ಮಾತ್ರ, ವ್ಯಕ್ತಿಯಲ್ಲ.

ಹೇಸ್ಟಿಂಗ್ಸಿನಲ್ಲಿ ಕಪಾಬ್ಲಾಂಕಾ ಸುಲ್ತಾನ್ ಖಾನ್‌ರ ಎದುರು ಆಡಿದ ಆರಂಭ ಈ ಕುಟುಂಬಕ್ಕೇ ಸೇರಿದ ಕ್ವೀನ್ಸ್ ಇಂಡಿಯನ್ ಡಿಫೆನ್ಸ್. ಕ್ಯೂಬಾದವರು ಭಾರತದ ಹೆಸರಿನ ರಕ್ಷಣೆಯನ್ನು ಹೂಡಿದ್ದರು. ಅದನ್ನು ಭೇದಿಸಬೇಕಾಗಿದ್ದವರು ಭಾರತದವರು.

ಐದನೆಯ ನಡೆ

ಸುಲ್ತಾನ್ ಖಾನ್ ಮೊದಲು ರಾಜನ ಕಡೆಯ ಕುದುರೆಯನ್ನು ಹೊರತಂದರು. ಎರಡು ಮತ್ತು ಮೂರನೆಯ ನಡೆಗಳಲ್ಲಿ ಎರಡು ಕಾಲಾಳುಗಳನ್ನು ನಡುಮಣೆಗೆ ತಂದರು. ನಾಲ್ಕನೆಯದರಲ್ಲಿ ಇನ್ನೊಂದು ಕುದುರೆ ಹೊರಬಂತು. ಕಪಾಬ್ಲಾಂಕಾ ತಮ್ಮ ಕುದುರೆಯನ್ನು ಹೊರಗಿಟ್ಟು, ಮಂತ್ರಿಯ ಕಡೆಯ ಕಾಲಾಳನ್ನು ಒಂದು ಮನೆ ಸರಿಸಿ, ಅದರ ಹಿಂದೆ ಒಂಟೆಯನ್ನು ನಿಲ್ಲಿಸಿದರು. ಕ್ವೀನ್ಸ್ ಇಂಡಿಯನ್ ವ್ಯೂಹ ಸಿದ್ಧವಾಯಿತು.

ಐದನೆಯ ನಡೆಯಲ್ಲಿ ಸುಲ್ತಾನ್ ಖಾನ್ ಎಡತುದಿಯ ಕಾಲಾಳನ್ನು ಒಂದು ಮನೆ ಮುಂದಿಟ್ಟರು. ಅಷ್ಟೇ.

ನೋಡುವವರಿಗೆ ಇದು ಹೊತ್ತು ಕಳೆಯುವ ನಡೆಯಂತೆ ಕಾಣುತ್ತದೆ. ಹೆಚ್ಚಿನ ಕಾಯಿಗಳು ಇನ್ನೂ ಮನೆಯಲ್ಲೇ ಇರುವಾಗ ಮೂಲೆಯ ಕಾಲಾಳನ್ನು ಸರಿಸಿ ಏನು ಲಾಭ? ಲಾಭ ಇದೆ. ಈ ಆರಂಭದಲ್ಲಿ ಕಪ್ಪು ಕಾಯಿಗಳ ಆಟಗಾರನ ಹೋರಾಟವೆಲ್ಲ ನಡುಮಣೆಯ ಒಂದು ಮನೆಯ ಹತೋಟಿಗಾಗಿ. ಅದಕ್ಕೆ ಅವನ ಕೈಯಲ್ಲಿರುವ ಒಳ್ಳೆಯ ಆಯುಧವೆಂದರೆ ಇನ್ನೊಂದು ಒಂಟೆಯನ್ನು ಮುಂದೆ ತಂದು ಬಿಳಿಯ ಕುದುರೆಯನ್ನು ರಾಜನ ಮುಂದೆಯೇ ಕಟ್ಟಿಹಾಕುವುದು. ಮೂಲೆಯ ಕಾಲಾಳಿನ ಆ ಒಂದು ಹೆಜ್ಜೆ ಒಂಟೆಗೆ ಬೇಕಾದ ಮನೆಯನ್ನೇ ಮುಚ್ಚಿಬಿಡುತ್ತದೆ. ಎದುರಾಳಿ ಮಾಡಲಿರುವುದನ್ನು ಅವನು ಮಾಡುವ ಮೊದಲೇ ತಡೆಯುವ ನಡೆಯಿದು.

ಮೂರು ದಶಕಗಳ ನಂತರ, 1963ರಿಂದ 1969ರವರೆಗೆ ವಿಶ್ವ ಚಾಂಪಿಯನ್ ಆಗಿದ್ದ ಟಿಗ್ರನ್ ಪೆಟ್ರೋಸಿಯನ್ ಈ ವಿಚಾರವನ್ನು ತಮ್ಮದಾಗಿಸಿಕೊಂಡರು. ಇಂದು ಎಲ್ಲ ಪುಸ್ತಕಗಳಲ್ಲಿ ಅದಕ್ಕೆ ಪೆಟ್ರೋಸಿಯನ್ ಪದ್ಧತಿ ಎಂದೇ ಹೆಸರು. 1980ರ ದಶಕದ ಆರಂಭದಲ್ಲಿ ಯುವಕ ಗ್ಯಾರಿ ಕಾಸ್ಪರೋವ್ ಇದೇ ಅಸ್ತ್ರದಿಂದ ಘಟಾನುಘಟಿಗಳನ್ನು ಮಣಿಸಿದರು. ನಡೆಗಳ ಕ್ರಮದಲ್ಲಿ ಸ್ವಲ್ಪ ಹಿಂದುಮುಂದಾದರೂ, ಐದು ನಡೆಗಳಾದ ಮೇಲೆ ಹೇಸ್ಟಿಂಗ್ಸಿನ ಮಣೆಯ ಮೇಲಿದ್ದದ್ದು ಮುಂದೆ ಆ ಹೆಸರು ಪಡೆದ ಪದ್ಧತಿಯ ನಿಲುವೇ. ಆರಂಭಗಳು ಗೊತ್ತಿಲ್ಲದವನ ನಡೆಯೇ ಇದು?

ಒಂದು ಮಾತು ನಮಗೆ ಹೊಳೆಯುತ್ತದೆ, ಅದನ್ನು ಊಹೆಯೆಂದೇ ತಿಳಿಯಿರಿ. ಕಾಲಾಳನ್ನು ಒಂದೊಂದೇ ಮನೆ ನಡೆಸುವ ಆಟದಲ್ಲಿ ಬಾಲ್ಯ ಕಳೆದವನಿಗೆ ಸಣ್ಣ ಹೆಜ್ಜೆಯ ಬೆಲೆ ಗೊತ್ತಿರುತ್ತದೆ. ಊರಿನ ಆಟ ಕೊಟ್ಟ ತಾಳ್ಮೆಯನ್ನು ಅವರು ಹೊಸ ಆಟಕ್ಕೆ ತಂದರು, ಹೊಸ ಆಟದ ಲೆಕ್ಕಾಚಾರವನ್ನು ವಿಂಟರ್, ಯೇಟ್ಸ್‌ರಂಥವರೊಂದಿಗೆ ಕುಳಿತು ಕಲಿತರು. ಎರಡೂ ಸೇರಿ ಆ ಐದನೆಯ ನಡೆ ಹುಟ್ಟಿರಬೇಕು.

ಮುಂದಿನ ಆಟವೂ ಅಷ್ಟೇ ಸೊಗಸಾದುದು. ಹನ್ನೆರಡನೆಯ ನಡೆಯಲ್ಲಿ ಸುಲ್ತಾನ್ ಖಾನ್ ಕುದುರೆಯನ್ನು ನುಗ್ಗಿಸಿ ಕಪಾಬ್ಲಾಂಕಾರ ಒಂದು ಒಂಟೆಯನ್ನು ಕೊಂಡುಕೊಂಡರು. ಆ ವಿನಿಮಯದಲ್ಲಿ ಕಪ್ಪಿನ ಕಾಲಾಳುಗಳ ಸಾಲೂ ಕೆಟ್ಟಿತು. ಬಳಿಕ ರಾಜನ ಕಡೆಯ ಕಾಲಾಳುಗಳನ್ನು ಮುಂದಕ್ಕೆ ತಳ್ಳಿ, ಇಪ್ಪತ್ತನೆಯ ನಡೆಯಲ್ಲಿ ಕಪಾಬ್ಲಾಂಕಾರ ಕುದುರೆಯನ್ನು ಹಿಂದಿನ ಸಾಲಿಗೆ ಅಟ್ಟಿದರು. ಕಪಾಬ್ಲಾಂಕಾ ತೆರೆದ ಸಾಲಿನಲ್ಲಿ ಎರಡೂ ಆನೆಗಳನ್ನು ಒಂದರ ಹಿಂದೊಂದು ನಿಲ್ಲಿಸಿ, ಇಪ್ಪತ್ತೊಂದನೆಯ ನಡೆಯಲ್ಲಿ ನೇರವಾಗಿ ಬಿಳಿಯ ರಾಜನಿಗೆ ಶಹ ಕೊಟ್ಟರು. ಮರುನಡೆಯಲ್ಲಿ ಇನ್ನೊಂದು ಆನೆಯಿಂದ ಮತ್ತೊಂದು ಶಹ. ಸುಲ್ತಾನ್ ಖಾನ್ ಗಾಬರಿಯಾಗದೆ ತಮ್ಮ ಮಂತ್ರಿಯನ್ನೇ ಕೊಟ್ಟು ಎದುರಾಳಿಯ ಎರಡೂ ಆನೆಗಳನ್ನು ತೆಗೆದುಕೊಂಡರು.

ಮಣೆಯ ಮೇಲೆ ಈಗ ಒಂದು ಕಡೆ ಮಂತ್ರಿ, ಇನ್ನೊಂದು ಕಡೆ ಎರಡು ಆನೆಗಳು. ಲೆಕ್ಕದಲ್ಲಿ ಹೆಚ್ಚುಕಡಿಮೆ ಸಮ. ಆದರೆ ಮಂತ್ರಿಯ ಬಲ ಅದು ಓಡಾಡುವ ಬಯಲಿನಲ್ಲಿದೆ. ಸುಲ್ತಾನ್ ಖಾನ್ ಆ ಬಯಲನ್ನು ಒಂದೊಂದಾಗಿ ಮುಚ್ಚುತ್ತ ಹೋದರು. ಆನೆಗಳನ್ನು ತೆರೆದ ಸಾಲಿನಲ್ಲಿ ಜೋಡಿಸಿದರು, ರಾಜನನ್ನು ಮೆಲ್ಲಗೆ ಸುರಕ್ಷಿತ ಮೂಲೆಗೆ ಸಾಗಿಸಿದರು. ಕಪಾಬ್ಲಾಂಕಾರ ಮಂತ್ರಿ ನಡೆಯ ಮೇಲೆ ನಡೆ ಅದೇ ಎರಡು ಮನೆಗಳ ನಡುವೆ ಹಿಂದೆ ಮುಂದೆ ತಿರುಗುವಂತಾಯಿತು. ಹಿಂದಿನ ಸಾಲಿಗೆ ಹೋದ ಆ ಕುದುರೆ ನಲವತ್ತಕ್ಕೂ ಹೆಚ್ಚು ನಡೆಗಳ ಕಾಲ ಅಲ್ಲಿಂದ ಅಲುಗಲಿಲ್ಲ. ಐವತ್ತಮೂರನೆಯ ನಡೆಯಲ್ಲಿ ಬಿಳಿಯ ಆನೆ ಶತ್ರುವಿನ ಕೋಟೆಯೊಳಗೆ ಕಾಲಿಟ್ಟಿತು. ಅರವತ್ತೊಂದರಲ್ಲಿ ಒಂದು ಕಾಲಾಳು ಬಿತ್ತು. ಅರವತ್ತೈದನೆಯ ನಡೆಗೆ ಕಪಾಬ್ಲಾಂಕಾ ಶರಣಾದರು.

ಹತ್ತು ಮಂದಿಯ ಆ ಪಂದ್ಯಾವಳಿಯಲ್ಲಿ ಹಾಲೆಂಡಿನ ಮ್ಯಾಕ್ಸ್ ಯೂವೆ ಮೊದಲಿಗರಾದರು, ಕಪಾಬ್ಲಾಂಕಾ ಎರಡನೆಯವರು, ಸುಲ್ತಾನ್ ಖಾನ್ ಅವರಿಗಿಂತ ಅರ್ಧ ಅಂಕ ಹಿಂದೆ, ಮೂರನೆಯವರು. ಅದೇ 1931ರಲ್ಲಿ ಹನ್ನೆರಡು ಪಂದ್ಯಗಳ ಸ್ಪರ್ಧೆಯಲ್ಲಿ ಅವರು ತಾರ್ತಾಕೋವರ್‌ರನ್ನು ಸೋಲಿಸಿದರು. ಆರಂಭಗಳಿಗೆ 'ಇಂಡಿಯನ್' ಹೆಸರನ್ನು ಹರಡಿದ ಅದೇ ತಾರ್ತಾಕೋವರ್! ಪ್ರಾಗ್ ನಗರದ ಒಲಿಂಪಿಯಾಡಿನಲ್ಲಿ ಬ್ರಿಟನ್ನಿನ ಮೊದಲ ಮಣೆಯಲ್ಲಿ ಆಡಿ ರೂಬಿನ್‌ಸ್ಟೈನ್ ಮತ್ತು ಫ್ಲೋರ್‌ರನ್ನು ಸೋಲಿಸಿದರು, ಆಗಿನ ವಿಶ್ವ ಚಾಂಪಿಯನ್ ಅಲೆಖಿನ್‌ರೊಂದಿಗೆ ಡ್ರಾ ಮಾಡಿಕೊಂಡರು. 1932 ಮತ್ತು 1933ರಲ್ಲಿ ಮತ್ತೆ ಬ್ರಿಟಿಷ್ ಚಾಂಪಿಯನ್ ಆದರು. ನಾಲ್ಕು ಬಾರಿ ಸ್ಪರ್ಧಿಸಿ ಮೂರು ಬಾರಿ ಗೆಲುವು. ಇಂಗ್ಲೆಂಡಿನ ಥಂಡಿ ಅವರಿಗೆ ಒಗ್ಗಲಿಲ್ಲ. ಮಲೇರಿಯಾ, ನೆಗಡಿ, ಗಂಟಲು ನೋವು ಬಿಡದೆ ಕಾಡಿದವು. ಕೊರಳಿಗೆ ಬಟ್ಟೆ ಸುತ್ತಿಕೊಂಡೇ ಎಷ್ಟೋ ಪಂದ್ಯಗಳಿಗೆ ಬಂದು ಕೂರುತ್ತಿದ್ದರು.

ಯಾರು ಹೇಳಿದ ಕಥೆ?

1933ರ ಕೊನೆಯ ಹೊತ್ತಿಗೆ ಸರ್ ಉಮರ್ ಹಯಾತ್ ಬಳಗ ಭಾರತಕ್ಕೆ ಮರಳಿತು. ಸುಲ್ತಾನ್ ಖಾನ್ ಯೂರೋಪಿನ ಆಟಕ್ಕೆ ಮತ್ತೆ ಹೋಗಲಿಲ್ಲ. 1935ರಲ್ಲಿ ವಿ.ಕೆ. ಖಾಡಿಲ್ಕರ್ ವಿರುದ್ಧ ಹತ್ತು ಪಂದ್ಯಗಳನ್ನಾಡಿ ಒಂದನ್ನು ಮಾತ್ರ ಡ್ರಾಗೆ ಬಿಟ್ಟುಕೊಟ್ಟದ್ದು ಅವರ ಕೊನೆಯ ದೊಡ್ಡ ಸ್ಪರ್ಧೆಗಳಲ್ಲೊಂದು. ಆಮೇಲೆ ಅವರು ಸರ್ಗೋಧಾ ಸೀಮೆಯ ತಮ್ಮ ಜಮೀನಿನಲ್ಲಿ ಬದುಕಿದರು. 1966ರ ಏಪ್ರಿಲ್ 25ರಂದು ತೀರಿಕೊಂಡರು.

ಅವರು ಮೌನವಾಗಿದ್ದ ಕಾಲದಲ್ಲಿ ಅವರ ಬಗ್ಗೆ ಮಾತಾಡಿದವರು ಬೇರೆಯವರು. ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ರೂಬೆನ್ ಫೈನ್ ಒಂದು ಪ್ರಸಂಗವನ್ನು ಬರೆದಿದ್ದಾರೆ. 1933ರಲ್ಲಿ ಅಮೆರಿಕ ತಂಡವನ್ನು ಸರ್ ಉಮರ್ ಹಯಾತ್ ಲಂಡನ್ನಿನ ತಮ್ಮ ಮನೆಗೆ ಊಟಕ್ಕೆ ಕರೆದಿದ್ದರಂತೆ. ಅಲ್ಲಿ ತಮಗೆ ಬಡಿಸಿದವರು ಸುಲ್ತಾನ್ ಖಾನ್ ಎಂದು ಕಂಡು ಫೈನ್‌ರಿಗೆ ಬಹಳ ಮುಜುಗರವಾಯಿತಂತೆ. ಈ ಪ್ರಸಂಗ ಪುಸ್ತಕದಿಂದ ಪುಸ್ತಕಕ್ಕೆ ಹಾರಿತು. ಮುಂದೆ ಪ್ರಮಾಣಗ್ರಂಥವೆನಿಸಿದ ಚೆಸ್ ಕೋಶವೊಂದು ಅವರನ್ನು ಓದುಬರಹ ಬಾರದ, ಆಟದ ಪುಸ್ತಕಗಳನ್ನೇ ನೋಡದ, ಬಹುಶಃ ಆಧುನಿಕ ಕಾಲದ ಅತಿದೊಡ್ಡ ಸಹಜ ಆಟಗಾರ ಎಂದು ವರ್ಣಿಸಿತು. 2020ರಲ್ಲಿ ಇಂಗ್ಲಿಷ್ ಗ್ರ್ಯಾಂಡ್‌ಮಾಸ್ಟರ್ ಡೇನಿಯಲ್ ಕಿಂಗ್ ಅವರ ಬಗ್ಗೆ ಒಂದಿಡೀ ಪುಸ್ತಕ ಬರೆದರು. ಪಂದ್ಯಗಳನ್ನು ಪ್ರೀತಿಯಿಂದ ಬಿಡಿಸಿಟ್ಟ ಪುಸ್ತಕವದು. ಆದರೆ ಅದರ ಹೆಸರಿನಲ್ಲೇ 'ಭಾರತೀಯ ಸೇವಕ' ಎಂಬ ಮಾತಿತ್ತು.

ಆಗ ಸುಲ್ತಾನ್ ಖಾನ್‌ರ ಮೊಮ್ಮಗಳು, ವಸಾಹತು ಕಾಲದ ಆರ್ಥಿಕ ಇತಿಹಾಸವನ್ನು ಅಭ್ಯಾಸ ಮಾಡಿದ ಅತಿಯಾಬ್ ಸುಲ್ತಾನ್, ಉತ್ತರ ಬರೆದರು. ತಮ್ಮ ಅಜ್ಜ ಯಾರ ಆಳೂ ಆಗಿರಲಿಲ್ಲ, ಆವಾನ್ ಸಮುದಾಯದ, ಪೀರ್ ಪರಂಪರೆಯ, ಸ್ವಂತ ಜಮೀನಿದ್ದ ಮನೆತನದಿಂದ ಬಂದವರು, ಅನಕ್ಷರಸ್ಥರೂ ಅಲ್ಲ ಎಂಬುದು ಅವರ ವಾದ. ಸರ್ ಉಮರ್ ಹಯಾತ್ ಅವರ ಆಶ್ರಯದಾತರಾಗಿದ್ದರೇ ಹೊರತು ಒಡೆಯರಲ್ಲ ಎನ್ನುತ್ತಾರೆ ಅವರು.

ಈ ಎರಡು ಕಥೆಗಳಲ್ಲಿ ಯಾವುದನ್ನು ನಂಬಬೇಕು? ಮನೆಯವರ ಮಾತಿನಲ್ಲಿ ಮಮತೆ ಇರುತ್ತದೆ, ಅದನ್ನು ನಾವು ಲೆಕ್ಕಕ್ಕೆ ಹಿಡಿಯಲೇಬೇಕು. ಆಶ್ರಯ ಮತ್ತು ಚಾಕರಿಗಳ ನಡುವಿನ ಗೆರೆ ಅಂದಿನ ಪಂಜಾಬಿನ ಜಮೀನ್ದಾರಿ ಸಮಾಜದಲ್ಲಿ ಬಹಳ ತೆಳುವಾಗಿತ್ತು ಎಂಬುದನ್ನೂ ಮರೆಯಬಾರದು. ದೊಡ್ಡ ಮನೆಯಲ್ಲಿ ಅತಿಥಿಗಳಿಗೆ ಮನೆಯ ಕಿರಿಯರು ಎದ್ದುನಿಂತು ಬಡಿಸುವುದು ನಮ್ಮಲ್ಲಿ ಮರ್ಯಾದೆ. ಅದನ್ನೇ ಹೊರಗಿನವರು ಊಳಿಗವೆಂದು ಓದಿಕೊಂಡಿರಲೂಬಹುದು, ಅಥವಾ ಫೈನ್ ಕಂಡದ್ದು ನಿಜಕ್ಕೂ ಊಳಿಗವೇ ಆಗಿರಲೂಬಹುದು. ಆದರೆ ಒಬ್ಬ ವ್ಯಕ್ತಿಯ ಇಡೀ ಬದುಕನ್ನು ಒಂದು ರಾತ್ರಿಯ ಊಟದ ಮೇಲೆ ನಿಲ್ಲಿಸುವುದು ನ್ಯಾಯವೇ?

ನಮಗೆ ಇನ್ನೂ ಹೆಚ್ಚು ಚುಚ್ಚುವುದು 'ಸಹಜ ಪ್ರತಿಭೆ' ಎಂಬ ಹೊಗಳಿಕೆ. ಲಂಡನ್ನಿನವನು ಗೆದ್ದರೆ ಅದು ಅಧ್ಯಯನ, ಪಂಜಾಬಿನವನು ಗೆದ್ದರೆ ಅದು ಪವಾಡ. ಈ ಹೊಗಳಿಕೆ ಒಂದು ಕೈಯಲ್ಲಿ ಹಾರ ಹಾಕಿ ಇನ್ನೊಂದು ಕೈಯಲ್ಲಿ ದುಡಿಮೆಯನ್ನು ಕಸಿದುಕೊಳ್ಳುತ್ತದೆ. ಒಂದು ನಿಯಮದ ಆಟವನ್ನು ಮರೆತು ಇನ್ನೊಂದು ನಿಯಮದ ಆಟವನ್ನು ಇಪ್ಪತ್ತು ದಾಟಿದ ವಯಸ್ಸಿನಲ್ಲಿ ಕಲಿತು, ಸೋತು, ತಿದ್ದಿಕೊಂಡು, ಒಂದೂವರೆ ವರ್ಷದಲ್ಲಿ ಕಪಾಬ್ಲಾಂಕಾರ ವ್ಯೂಹಕ್ಕೆ ಪ್ರತಿವ್ಯೂಹ ಹೂಡಿದ ಮನುಷ್ಯನ ಶ್ರಮಕ್ಕೆ ಈ ಕಥೆಯಲ್ಲಿ ಜಾಗವೇ ಇಲ್ಲ. ಸ್ವತಃ ಕಪಾಬ್ಲಾಂಕಾ, ಅಷ್ಟು ಪ್ರತಿಕೂಲ ಸ್ಥಿತಿಯಲ್ಲೂ ಚಾಂಪಿಯನ್ ಆದ ಸುಲ್ತಾನ್ ಖಾನ್‌ರನ್ನು ಅಸಾಧಾರಣ ಪ್ರತಿಭೆಯೆಂದು ಮೆಚ್ಚಿದ್ದರು. ಪ್ರತಿಭೆ ಇರಲಿಲ್ಲವೆಂದು ನಾವೂ ಹೇಳುತ್ತಿಲ್ಲ. ಪ್ರತಿಭೆಯ ಜೊತೆಗೆ ಬುದ್ಧಿಪೂರ್ವಕವಾದ ಕಲಿಕೆಯೂ ಇತ್ತು ಎಂಬುದಕ್ಕೆ ಮಣೆಯೇ ಸಾಕ್ಷಿ.

ಇದೇ ಬಳಗದಲ್ಲಿ ಇನ್ನೊಬ್ಬರಿದ್ದರು. ದಾಖಲೆಗಳಲ್ಲಿ ಅವರ ಹೆಸರು ಮಿಸ್ ಫಾತಿಮಾ ಎಂದಷ್ಟೇ ಇದೆ. 1933ರಲ್ಲಿ ಸುಲ್ತಾನ್ ಖಾನ್ ಮೂರನೆಯ ಬಾರಿ ಗೆದ್ದ ಹೇಸ್ಟಿಂಗ್ಸಿನಲ್ಲೇ ಈಕೆ ಬ್ರಿಟಿಷ್ ಮಹಿಳಾ ಚಾಂಪಿಯನ್ ಆದರು. ಹನ್ನೊಂದು ಪಂದ್ಯಗಳಲ್ಲಿ ಹತ್ತನ್ನು ಗೆದ್ದು ಒಂದನ್ನು ಡ್ರಾ ಮಾಡಿಕೊಂಡರು. ಮುಸ್ಲಿಮ್ ಹೆಣ್ಣುಮಗಳೊಬ್ಬಳು ಸಾಮ್ರಾಜ್ಯದ ನಡುಮನೆಯಲ್ಲಿ ಹೀಗೆ ಗೆದ್ದ ಸಂಗತಿ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಭಾರತಕ್ಕೆ ಮರಳಿದಾಗ ಸುಲ್ತಾನ್ ಖಾನ್‌ರಿಗೆ ಸೆರೆಮನೆಯಿಂದ ಬಿಡುಗಡೆಯಾದಂತೆ ಅನಿಸಿತ್ತು ಎಂದು ಬಹುಕಾಲದ ನಂತರ ನೆನಪಿಸಿಕೊಂಡವರೂ ಈಕೆಯೇ. ಆ ಮಾತನ್ನು ಕೇಳಿದರೆ ಇಂಗ್ಲೆಂಡಿನ ಹೊಗಳಿಕೆಗಳೆಲ್ಲ ಅವರಿಗೆ ಎಷ್ಟು ಭಾರವಾಗಿದ್ದಿರಬಹುದೆಂದು ತಿಳಿಯುತ್ತದೆ.

ತಡವಾಗಿ ಬಂದ ಪಟ್ಟ

1950ರಲ್ಲಿ ವಿಶ್ವ ಚೆಸ್ ಸಂಸ್ಥೆ ಫಿಡೆ ಮೊದಲ ಬಾರಿಗೆ ಅಧಿಕೃತವಾಗಿ ಗ್ರ್ಯಾಂಡ್‌ಮಾಸ್ಟರ್ ಪದವಿಗಳನ್ನು ಕೊಟ್ಟಿತು. ಪಟ್ಟಿಯಲ್ಲಿ ಇಪ್ಪತ್ತೇಳು ಹೆಸರುಗಳು. ಆಟದಿಂದ ಎಂದೋ ನಿವೃತ್ತರಾಗಿದ್ದ ಹಿರಿಯರನ್ನೂ ಗೌರವದಿಂದ ಸೇರಿಸಲಾಗಿತ್ತು. ಸುಲ್ತಾನ್ ಖಾನ್‌ರಿಂದ ಸೋತ ರೂಬಿನ್‌ಸ್ಟೈನ್ ಅದರಲ್ಲಿದ್ದರು, ತಾರ್ತಾಕೋವರ್ ಇದ್ದರು, ಫ್ಲೋರ್ ಇದ್ದರು. ಸರ್ಗೋಧಾದಲ್ಲಿ ಜೀವಂತವಾಗಿದ್ದ ಸುಲ್ತಾನ್ ಖಾನ್ ಇರಲಿಲ್ಲ. ಏಷ್ಯಾದ ಮೊದಲ ಗ್ರ್ಯಾಂಡ್‌ಮಾಸ್ಟರ್ ಎಂಬ ಹೆಸರು 1974ರಲ್ಲಿ ಫಿಲಿಪೀನ್ಸಿನ ಯುಜೀನಿಯೋ ಟೋರೆಗೆ, ಭಾರತದ ಮೊದಲಿಗರೆಂಬ ಹೆಸರು 1988ರಲ್ಲಿ ವಿಶ್ವನಾಥನ್ ಆನಂದ್‌ರಿಗೆ ಸಂದಿತು. 2024ರ ಫೆಬ್ರವರಿಯಲ್ಲಿ ಫಿಡೆ ಅಧ್ಯಕ್ಷರು ಇಸ್ಲಾಮಾಬಾದಿಗೆ ಬಂದು ಸುಲ್ತಾನ್ ಖಾನ್‌ರಿಗೆ ಮರಣೋತ್ತರವಾಗಿ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಘೋಷಿಸಿದರು. ಅವರು ತೀರಿಕೊಂಡು ಐವತ್ತೇಳು ವರ್ಷಗಳು ಕಳೆದಿದ್ದವು.

ಅವರು ಯಾರವರು ಎಂಬ ಪ್ರಶ್ನೆ ಈಗ ಏಳುತ್ತದೆ. ಅವರ ಊರು ಪಾಕಿಸ್ತಾನದಲ್ಲಿದೆ. ಅವರು ಗೆದ್ದದ್ದು ಅಖಿಲ ಭಾರತ ಪ್ರಶಸ್ತಿ. ಆಡಿದ್ದು ಬ್ರಿಟನ್ನಿನ ತಂಡಕ್ಕೆ. ಮುಸ್ಲಿಮರೆಂದು ನಾವು ಹೆಮ್ಮೆ ಪಡಬಹುದು, ಭಾರತೀಯರೆಂದು ಇನ್ನೊಬ್ಬರು ಹೆಮ್ಮೆ ಪಡಬಹುದು. ಆದರೆ ಅವರನ್ನು ತಮ್ಮವರೆಂದು ಎಳೆದುಕೊಳ್ಳುವ ಭರದಲ್ಲಿ ನಾವು ಮಾಡುತ್ತಿರುವುದೂ ಆ ಇಂಗ್ಲಿಷ್ ಪುಸ್ತಕಗಳು ಮಾಡಿದ ಕೆಲಸವನ್ನೇ ಅಲ್ಲವೇ? ಅವರ ಬದುಕಿನಿಂದ ನಮಗೆ ಬೇಕಾದ ಒಂದು ಕಥೆಯನ್ನು ಕತ್ತರಿಸಿಕೊಳ್ಳುವುದು. ಬ್ಯಾನರ್ಜಿಯ ವ್ಯೂಹಕ್ಕೆ 'ಇಂಡಿಯನ್' ಎಂಬ ಹೆಸರು ದೊರೆತು ಬ್ಯಾನರ್ಜಿ ಮರೆಯಾದರು. ಸುಲ್ತಾನ್ ಖಾನ್‌ರ ಐದನೆಯ ನಡೆಗೆ ಪೆಟ್ರೋಸಿಯನ್ ಹೆಸರು ದೊರೆತು, ಅವರಿಗೆ 'ಸೇವಕ' ಎಂಬ ಹೆಸರು ಉಳಿಯಿತು.

ಪೆಟ್ರೋಸಿಯನ್ ಪದ್ಧತಿಯ ಹೆಸರನ್ನು ಈಗ ಬದಲಾಯಿಸಬೇಕೆಂದು ನಾವು ಕೇಳುತ್ತಿಲ್ಲ. ಮನೆಯಲ್ಲಿ ಚದುರಂಗದ ಮಣೆ ಇರುವ ಓದುಗರಲ್ಲಿ ಒಂದು ಕೋರಿಕೆಯಿದೆ. ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಈ ಪಂದ್ಯವನ್ನು ಮೊದಲಿನಿಂದ ಒಮ್ಮೆ ಆಡಿಸಿ. ಐದನೆಯ ನಡೆಗೆ ಬಂದಾಗ ಎಡತುದಿಯ ಕಾಲಾಳನ್ನು ಒಂದೇ ಮನೆ ಮುಂದಿಟ್ಟು, ಇದು ಏಕೆ ಎಂದು ಮಕ್ಕಳನ್ನೇ ಕೇಳಿ. ಉತ್ತರ ಹುಡುಕಲು ಅವರಿಗೆ ಹೊತ್ತು ಹಿಡಿಯುತ್ತದೆ. ಅದನ್ನು ಹುಡುಕಲು ಪಂಜಾಬಿನ ಆ ಯುವಕನಿಗೂ ಹೊತ್ತು ಹಿಡಿದಿತ್ತು ಎಂದು ಆಗ ಅವರಿಗೆ ಹೇಳಬಹುದು.